ತಾಯಿಯ ಸಂಧಿವಾತ ಮಗಳಿಗೆ ಬಳುವಳಿಯೇ?

ಬೆಳಗಿನ ಆರು ಗಂಟೆಯ ಹೊತ್ತು. ಅಡಿಗೆಯ ಮನೆಯಲ್ಲಿ ಕಾಫಿಯ ಫಿಲ್ಟರು ರಾತ್ರಿಯಿಂದಲೂ ಬಿಗಿದುಕೊಂಡು ಕುಳಿತಿದೆ. ಗೃಹಿಣಿ ಅದರ ಮೇಲಿನ ಭಾಗವನ್ನು ಒಂದು ಕೈಯಲ್ಲಿಯೂ ಕೆಳಗಿನ ಭಾಗವನ್ನು ಮತ್ತೊಂದು ಕೈಯಲ್ಲಿಯೂ ಹಿಡಿದು ತಿರುಚಲು ಯತ್ನಿಸುತ್ತಾಳೆ. ಆಗದೆ, ಅದನ್ನು ಕಟ್ಟೆಯ ಮೇಲಿರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಬೆರಳುಗಳನ್ನು ಅದ್ದಿಕೊಂಡು ನಿಲ್ಲುತ್ತಾಳೆ. ಗಂಟೆ ಎಂಟಾಗುವವರೆಗೂ ಆ ಬೆರಳುಗಳು ಮಡಿಸಲೊಲ್ಲವು. ಸೀರೆಯ ನಿರಿಗೆ ಹಿಡಿಯಲಾರವು, ಒದ್ದೆ ಬಟ್ಟೆಯನ್ನು ಹಿಂಡಲಾರವು. ವಯಸ್ಸಾದರೋ ನಲವತ್ತಮೂರು.

“ಬಿಡಮ್ಮ, ನಾನು ತೆಗೆಯುತ್ತೇನೆ” ಎಂದು ಮಗಳು ಬರುತ್ತಾಳೆ. ಒಳಗಿನ ಕೋಣೆಯಿಂದ ಅಜ್ಜಿ, “ಮುಂಜಾನೆ ತಣ್ಣೀರಿನಲ್ಲಿ ಕೈಯಾಡಿಸಬೇಡವೆಂದರೆ ಕೇಳಿದವರು ಯಾರು?” ಎಂದು ಗೊಣಗುತ್ತಾರೆ. ನೆರೆಮನೆಯಾಕೆಯ ನಿದಾನ ಬೇರೆ: “ತಣ್ಣೀರೂ ಅಲ್ಲ, ಏನೂ ಅಲ್ಲ. ಇವರ ತಾಯಿಗೂ ಹೀಗೆಯೇ ಬೆರಳು ಸೊಟ್ಟಗಾಗಿತ್ತಂತೆ. ವಂಶದಲ್ಲಿಯೇ ಇದೆ.” ಈ ಎರಡನೆಯ ಮಾತು ಗೋಡೆಯಾಚೆಗೆ ಹೋಗಿ, ಬೀದಿಯನ್ನೂ ದಾಟಿ, ಹುಡುಗಿಯನ್ನು ನೋಡಲು ಬಂದವರ ಕಿವಿಗೂ ಬಿದ್ದಿದೆ. ಉಪ್ಪಿಟ್ಟು ಕೇಸರಿಬಾತುಗಳ ನಡುವೆ, “ಹುಡುಗಿಯ ತಾಯಿಗೆ ವಾತವಂತಲ್ಲ?” ಎಂದು ಮೆಲ್ಲನೆ ಕೇಳಿ ಹೋದವರಿಂದ ಇಂದಿನವರೆಗೂ ಉತ್ತರವಿಲ್ಲ.

ಇಂಥ ಮನೆ ಯಾವ ಊರಿನ ಯಾವ ಬಡಾವಣೆಯಲ್ಲಿಯೂ ಇರಬಹುದು. ಅಲ್ಲಿನ ಹುಡುಗಿ ಒಂದು ದಿನ ತಾಯಿಯನ್ನು ಕರೆದುಕೊಂಡು ಹೋದಾಗ ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: “ಡಾಕ್ಟರೇ, ಇದು ನನಗೂ ಬರುತ್ತದೆಯೇ?” ಈ ಪ್ರಶ್ನೆಗೆ ‘ಬರುತ್ತದೆ’ ಎಂಬ ಉತ್ತರವೂ ಸುಳ್ಳು, ‘ಬರುವುದೇ ಇಲ್ಲ’ ಎಂಬ ಉತ್ತರವೂ ಸುಳ್ಳು. ನಿಜವಾದ ಉತ್ತರಕ್ಕೆ ವಿಜ್ಞಾನ ನೂರಾರು ವರ್ಷ ದಾರಿ ನಡೆದಿದೆ.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಬೇಕು. ಕೀಲು ನೋಯುವುದೆಲ್ಲ ಒಂದೇ ರೋಗವಲ್ಲ. ಅರುವತ್ತು ದಾಟಿದವರ ಮಂಡಿ ಸವೆದು ನೋಯುವುದು ಬೇರೆ. ಇಲ್ಲಿ ಹೇಳುತ್ತಿರುವ ರೂಮಟಾಯ್ಡ್ ಸಂಧಿವಾತ ಬೇರೆ. ಇದು ಬಹುಮಟ್ಟಿಗೆ ನಡುವಯಸ್ಸಿನಲ್ಲಿ ಬರುವುದು. ಎರಡು ಕೈಗಳ ಗೆಣ್ಣುಗಳನ್ನೂ ಮಣಿಕಟ್ಟುಗಳನ್ನೂ ಸಮನಾಗಿ ಹಿಡಿಯುವುದು. ಬೆಳಗಿನ ಹೊತ್ತು ಬೆರಳುಗಳನ್ನು ಮರಗಟ್ಟಿಸುವುದು. ಹೊರಗಿನ ಶತ್ರುವಿನಿಂದ ಶರೀರವನ್ನು ಕಾಯಬೇಕಾದ ರಕ್ಷಣಾ ಪಡೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು, ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಶರೀರದಲ್ಲಿ ದೊರೆಯುವುದು ಕಷ್ಟ.

ಏಳೆಂಟನೆಯ ಶತಮಾನದಲ್ಲಿದ್ದನೆನ್ನಲಾದ ಮಾಧವಕರನು ತನ್ನ ‘ಮಾಧವನಿದಾನ’ದಲ್ಲಿ ‘ಆಮವಾತ’ವೆಂಬ ರೋಗಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟು, ಊದಿದ ಸಂಧಿಗಳಲ್ಲಿ ಚೇಳು ಕುಟುಕಿದಂಥ ನೋವಿರುವುದನ್ನು ವರ್ಣಿಸಿದ್ದಾನೆ. ಅವನ ಆಮವಾತವೂ ಇಂದಿನ ರೂಮಟಾಯ್ಡ್ ಸಂಧಿವಾತವೂ ಎಲ್ಲ ವಿಧದಲ್ಲಿಯೂ ಒಂದೇ ಎನ್ನುವಂತಿಲ್ಲ. ಆದರೂ ನಮ್ಮ ವೈದ್ಯರು ಇಂದಿಗೂ ಆ ಹೆಸರನ್ನು ಇದಕ್ಕೆ ಬಳಸುವುದುಂಟು. ಯೂರೋಪಿನಲ್ಲಿ ಇದನ್ನು ಸ್ಪಷ್ಟವಾಗಿ ಗುರುತಿಸಿ ಬರೆದವನು ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿದ್ದ ಲಾಂದ್ರೆ–ಬೋವೇ ಎಂಬ ತರುಣ ವೈದ್ಯ; 1800ರಲ್ಲಿ. ಆತ ವರ್ಣಿಸಿದ ಒಂಬತ್ತು ರೋಗಿಗಳೂ ಸ್ತ್ರೀಯರೇ. ಅಂದಿನ ವೈದ್ಯರ ಗಮನವೆಲ್ಲ ಸಿರಿವಂತ ಗಂಡಸರ ಕಾಲ್ಬೆರಳನ್ನು ಕಾಡುವ ‘ಗೌಟ್’ ರೋಗದ ಮೇಲಿದ್ದಿತು. ಬಡ ಹೆಂಗಸರ ಬೆರಳುಗಳನ್ನು ನೋಡುವ ವ್ಯವಧಾನ ಯಾರಿಗಿದ್ದೀತು?

ಈ ಎರಡು ರೋಗಗಳನ್ನು ಬೇರ್ಪಡಿಸಿದ ಕೀರ್ತಿ ಲಂಡನ್ನಿನ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ ಎಂಬಾತನಿಗೆ ಸಲ್ಲಬೇಕು. ರೋಗಿಯ ರಕ್ತದ ತಿಳಿಯನ್ನು ಗಾಜಿನ ಬಟ್ಟಲಿಗೆ ಹಾಕಿ, ಸ್ವಲ್ಪ ಆಮ್ಲವನ್ನು ಬೆರೆಸಿ, ಅದರಲ್ಲೊಂದು ನೂಲಿನೆಳೆಯನ್ನಿರಿಸಿದರೆ, ಗೌಟ್ ಇದ್ದವರಲ್ಲಿ ಆ ಎಳೆಗೆ ಯೂರಿಕ್ ಆಮ್ಲದ ಹರಳುಗಳು ಕಟ್ಟಿಕೊಳ್ಳುವುದನ್ನು ಆತ ತೋರಿಸಿಕೊಟ್ಟ. ಹರಳು ಕಟ್ಟದೆಯೂ ಕೀಲುಗಳು ನಾಶವಾಗುವ ರೋಗಕ್ಕೆ 1859ರಲ್ಲಿ ‘ರೂಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಸೂಚಿಸಿದ. ಆಗ ಅವನ ಮನೆಯಲ್ಲಿ ಎರಡು ವರ್ಷದ ಕೂಸೊಂದಿತ್ತು. ಆರ್ಚಿಬಾಲ್ಡ್ ಎಂಬ ಆ ಮಗ ಮುಂದೆ ತಾನೂ ವೈದ್ಯನಾಗಿ, 1890ರಲ್ಲಿ ಇದೇ ಸಂಧಿರೋಗಗಳ ಮೇಲೊಂದು ಗ್ರಂಥವನ್ನು ಬರೆದುದಲ್ಲದೆ, 1902ರಲ್ಲಿ ಮತ್ತೊಂದು ಅಪೂರ್ವ ವ್ಯಾಧಿಯ ಮೂಲಕ ಶರೀರದ ರಸಾಯನ ಕ್ರಿಯೆಯಲ್ಲಿನ ದೋಷಗಳು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ಬಗೆಯನ್ನು ಪ್ರಥಮವಾಗಿ ತೋರಿಸಿದ. ಪ್ರತಿಯೊಬ್ಬನ ಮೈಯೂ ತನ್ನದೇ ಆದ ರಾಸಾಯನಿಕ ವೈಶಿಷ್ಟ್ಯವನ್ನು ಹೊತ್ತು ಬಂದಿರುತ್ತದೆ. ಒಬ್ಬನಿಗೆ ಒಂದು ರೋಗ ಸುಲಭವಾಗಿ ತಗಲುವುದಕ್ಕೂ ಮತ್ತೊಬ್ಬನಿಗೆ ತಗಲದಿರುವುದಕ್ಕೂ ಅದು ಕಾರಣ—ಇದು 1931ರಲ್ಲಿ, ಎಪ್ಪತ್ತರ ಗಡಿ ದಾಟಿದ ಮೇಲೆ, ಆತ ಪ್ರಕಟಿಸಿದ ಪುಸ್ತಕದ ತಿರುಳು. ತಂದೆ ಹೆಸರಿಟ್ಟ ರೋಗದ ಬೀಗಕ್ಕೆ ಕೀಲಿಕೈಯನ್ನು ಮಗನ ವಿಚಾರದಲ್ಲಿ ಹುಡುಕಬೇಕಾಗುವುದೆಂದು ಅಂದು ಯಾರೂ ಎಣಿಸಿರಲಾರರು.

ಆ ಕೀಲಿಕೈ ಕೈಗೆ ಸಿಕ್ಕಿದ್ದು 1978ರಲ್ಲಿ. ಅಮೆರಿಕದ ಡಲ್ಲಾಸ್ ನಗರದ ಪೀಟರ್ ಸ್ಟಾಸ್ಟ್ನಿ ಎಂಬ ವೈದ್ಯ, ಬಿಳಿಯ ರಕ್ತಕಣಗಳ ಮೇಲ್ಮೈಯಲ್ಲಿರುವ ‘ಡಿ.ಆರ್.4’ ಎಂಬ ಗುರುತು ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತು ಮಂದಿಯಲ್ಲಿಯೂ, ರೋಗವಿಲ್ಲದವರಲ್ಲಿ ಇಪ್ಪತ್ತೆಂಟು ಮಂದಿಯಲ್ಲಿಯೂ ಇರುವುದನ್ನು ಕಂಡ. ಇದು ವಂಶವಾಹಿಗಳಿಂದ ಬರುವ ಗುರುತು. ಶತ್ರುವಿನ ತುಣುಕುಗಳನ್ನು ಎತ್ತಿ ಹಿಡಿದು ರಕ್ಷಣಾ ಪಡೆಗೆ ತೋರಿಸುವುದು ಇದರ ಕೆಲಸ; ಒಂದು ರೀತಿಯಲ್ಲಿ ನೈವೇದ್ಯದ ತಟ್ಟೆಯಂತೆ. 1987ರಲ್ಲಿ ಗ್ರೆಗರ್ಸನ್ ಮತ್ತು ಸಂಗಡಿಗರು ಇನ್ನೂ ಹತ್ತಿರ ಹೋಗಿ, ಅಪಾಯವನ್ನು ಹೆಚ್ಚಿಸುವ ಬೇರೆ ಬೇರೆ ತಟ್ಟೆಗಳೆಲ್ಲಕ್ಕೂ ಸಮಾನವಾದ ಐದು ಅಮೈನೋ ಆಮ್ಲಗಳ ಚಿಕ್ಕದೊಂದು ಸಾಲಿರುವುದನ್ನು ತೋರಿಸಿದರು. ಈಚೆಗೆ, 2014ರ ವೇಳೆಗೆ, ಲಕ್ಷಕ್ಕೆ ಮಿಕ್ಕ ಜನರ ರಕ್ತವನ್ನು ಪರೀಕ್ಷಿಸಿ ವಂಶವಾಹಿಗಳಲ್ಲಿ ನೂರೊಂದು ಸ್ಥಾನಗಳನ್ನು ಗುರುತು ಮಾಡಲಾಯಿತು. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಪಾಲು ಅತ್ಯಲ್ಪ. ಪ್ರಧಾನವಾದುದು ಆ ಐದರ ಸಾಲೇ.

ಹಾಗಾದರೆ ನೆರೆಮನೆಯಾಕೆಯ ಮಾತು ನಿಜವಾಯಿತಲ್ಲ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಕೊಡುವವರು ಅವಳಿ ಮಕ್ಕಳು.

ಒಂದೇ ಭ್ರೂಣದಿಂದ ಕವಲೊಡೆದ ತದ್ರೂಪಿ ಅವಳಿಗಳ ವಂಶವಾಹಿಗಳಲ್ಲಿ ಭೇದವಿಲ್ಲ. ರೋಗವು ಸಂಪೂರ್ಣವಾಗಿ ವಂಶದಿಂದಲೇ ಬರುವುದಾದರೆ, ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ಬಂದೇ ತೀರಬೇಕು. 1993ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ತೊಂಬತ್ತೊಂದು ಜೋಡಿಗಳನ್ನು ಪರಿಶೀಲಿಸಲಾಯಿತು. ಒಬ್ಬರಿಗೆ ರೋಗವಿದ್ದಾಗ ಮತ್ತೊಬ್ಬರಿಗೂ ಇದ್ದುದು ನೂರಕ್ಕೆ ಹದಿನೈದು ಜೋಡಿಗಳಲ್ಲಿ ಮಾತ್ರ! ಒಂದೇ ಹೆರಿಗೆಯಲ್ಲಿ ಹುಟ್ಟಿದರೂ ತದ್ರೂಪಿಗಳಲ್ಲದ ಅವಳಿಗಳಲ್ಲಿ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಹದಿನೈದಕ್ಕೂ ನಾಲ್ಕಕ್ಕೂ ಇರುವ ಅಂತರದಲ್ಲಿ ವಂಶದ ಕೈವಾಡ ಕಾಣುತ್ತದೆ. ಉಳಿದ ಎಂಬತ್ತೈದು ಜೋಡಿಗಳಲ್ಲಿ ಅದರ ಮಿತಿಯೂ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಇದೇ ಅವಳಿಗಳ ಲೆಕ್ಕದಿಂದ ವಿಜ್ಞಾನಿಗಳು, ಈ ರೋಗದಲ್ಲಿ ವಂಶದ ಪಾಲು ಸುಮಾರು ಶೇಕಡ ಅರುವತ್ತು ಎಂದು ಹೇಳುವುದುಂಟು. ಇದನ್ನು ಓದಿದವರು ‘ತಾಯಿಗಿದ್ದರೆ ಮಗಳಿಗೆ ಬರುವ ಸಂಭವ ನೂರಕ್ಕೆ ಅರುವತ್ತು’ ಎಂದು ತಿಳಿದು ಗಾಬರಿಗೊಳ್ಳುತ್ತಾರೆ. ಅರ್ಥ ಅದಲ್ಲ. ಒಂದು ಸಮಾಜದಲ್ಲಿ ಕೆಲವರು ಈ ರೋಗಕ್ಕೆ ಬೇಗ ಒಳಗಾಗುವವರೂ ಕೆಲವರು ಒಳಗಾಗದವರೂ ಇದ್ದಾರಷ್ಟೆ. ಅವರ ನಡುವಣ ವ್ಯತ್ಯಾಸದಲ್ಲಿ ಎಷ್ಟನ್ನು ವಂಶದ ಖಾತೆಗೆ ಬರೆಯಬಹುದೆಂಬ ಲೆಕ್ಕ ಅದು. ಮಗಳ ಲೆಕ್ಕ ಬೇರೆ. 1993ರಲ್ಲಿ ಪ್ರಕಟವಾದ, ದಿಲ್ಲಿಗೆ ಸಮೀಪದ ಬಲ್ಲಭಗಢದ ಗ್ರಾಮಗಳ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಈ ರೋಗವಿದ್ದುದು ಸಾವಿರಕ್ಕೆ ಏಳೆಂಟು ಜನರಿಗೆ. ತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಇದ್ದಲ್ಲಿ ಸಂಭವ ಸುಮಾರು ಮೂರು ಪಟ್ಟಾಗುತ್ತದೆ. ಹೆಣ್ಣಾದರೆ ಇನ್ನಷ್ಟು ಹೆಚ್ಚು. ಎಲ್ಲವನ್ನೂ ಕೂಡಿಸಿದರೂ, ಇಂಥ ನೂರು ಹೆಣ್ಣುಮಕ್ಕಳಲ್ಲಿ ತೊಂಬತ್ತಾರೋ ತೊಂಬತ್ತೇಳೋ ಮಂದಿಗೆ ಅದು ಬಾರದು. ಹುಡುಗಿಯನ್ನು ನೋಡಿಹೋಗಿ ಉತ್ತರ ಬರೆಯದವರು ಯಾವ ಲೆಕ್ಕವನ್ನು ಹಾಕಿದ್ದರೋ!

ವಂಶದಿಂದ ಬರುವುದು ಒಲವು ಮಾತ್ರ. ಒಲವನ್ನು ರೋಗವಾಗಿಸುವುದು ಬೇರೇನೋ ಇರಬೇಕು. ಅದರ ಸುಳಿವು ದೊರೆತದ್ದು, ವಿಜ್ಞಾನದಲ್ಲಿ ಆಗಾಗ ಆಗುವಂತೆ, ಮತ್ತೇನನ್ನೋ ಹುಡುಕುತ್ತಿದ್ದಾಗ.

ಗರ್ಭನಿರೋಧಕ ಮಾತ್ರೆಯನ್ನು ನುಂಗುವ ಸ್ತ್ರೀಯರ ಆರೋಗ್ಯ ಹೇಗಿರುವುದೆಂದು ತಿಳಿಯಲು 1968ರಿಂದ ಆಕ್ಸ್‌ಫರ್ಡಿನ ವೈದ್ಯರು ಹದಿನೇಳು ಸಾವಿರ ಮಹಿಳೆಯರನ್ನು ವರ್ಷವರ್ಷವೂ ವಿಚಾರಿಸುತ್ತ ಬಂದರು. ಆ ಮಾತ್ರೆ ಸಂಧಿವಾತದಿಂದ ರಕ್ಷಿಸುವುದೆಂಬ ಒಂದು ಅಭಿಪ್ರಾಯ ಆಗ ಇದ್ದಿತು. 1987ರಲ್ಲಿ ಲೆಕ್ಕ ತೆಗೆದಾಗ ಮಾತ್ರೆಯ ಮಹಿಮೆಯೇನೂ ಕಾಣಲಿಲ್ಲ. ಬದಲಿಗೆ, ಯಾರೂ ನಿರೀಕ್ಷಿಸದಿದ್ದ ಒಂದು ಸಂಗತಿ ತಲೆಯೆತ್ತಿತು. ಸಿಗರೇಟು ಸೇದುತ್ತಿದ್ದ ಹೆಂಗಸರಲ್ಲಿ ರೂಮಟಾಯ್ಡ್ ಸಂಧಿವಾತ ಹೆಚ್ಚಾಗಿತ್ತು.

ಹೊಗೆ ಹೋಗುವುದು ಶ್ವಾಸಕೋಶಕ್ಕೆ, ನೋಯುವುದು ಬೆರಳು. ಇವೆರಡಕ್ಕೂ ಏನು ಸಂಬಂಧ? ನಡುವಣ ಸೇತುವೆಯಲ್ಲಿ ಒಂದು ಕಲ್ಲಂಗಡಿ ಹಣ್ಣು ಬರುತ್ತದೆ. 1914ರಲ್ಲಿ ಜಪಾನಿನ ವಿಜ್ಞಾನಿಗಳು ಕಲ್ಲಂಗಡಿಯ ರಸದಿಂದ ಒಂದು ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಹಣ್ಣಿನ ಲ್ಯಾಟಿನ್ ಹೆಸರನ್ನನುಸರಿಸಿ ಅದಕ್ಕೆ ‘ಸಿಟ್ರುಲಿನ್’ ಎಂಬ ಹೆಸರು ಬಂದಿತು. (ಹಣ್ಣಿಗೂ ರೋಗಕ್ಕೂ ಸಂಬಂಧವಿಲ್ಲ, ಬೇಸಗೆಯಲ್ಲಿ ಅದನ್ನು ಧಾರಾಳವಾಗಿ ತಿನ್ನಬಹುದು.) ನಮ್ಮ ಮೈಯ ಪ್ರೋಟೀನುಗಳನ್ನು ಕಟ್ಟುವಾಗ ಈ ಸಿಟ್ರುಲಿನ್ ಉಪಯೋಗವಾಗುವುದಿಲ್ಲ. ಆದರೆ ಊತವಿರುವೆಡೆಯಲ್ಲಿ, ಜೀವಕೋಶಗಳು ಸಾಯುವೆಡೆಯಲ್ಲಿ, ಒಂದು ಬಗೆಯ ಕಿಣ್ವಗಳು ಪ್ರೋಟೀನಿನಲ್ಲಿರುವ ಆರ್ಜಿನಿನ್ ಎಂಬ ಇಟ್ಟಿಗೆಯನ್ನು ಇದ್ದಲ್ಲಿಯೇ ಸಿಟ್ರುಲಿನ್ ಆಗಿ ಮಾರ್ಪಡಿಸುತ್ತವೆ. ಹೊಗೆ ಸೇದುವವರ ಶ್ವಾಸಕೋಶದಲ್ಲಿ ಈ ಮಾರ್ಪಾಟು ಹೆಚ್ಚಾಗಿ ನಡೆಯುತ್ತದೆ. ವೇಷ ಬದಲಿಸಿದ ಸ್ವಂತ ಪ್ರೋಟೀನನ್ನು ಕಂಡ ರಕ್ಷಣಾ ಪಡೆ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸಲು ಅವಕಾಶವಾಗುತ್ತದೆ. ಸೋಜಿಗವೆಂದರೆ, ಆ ಐದರ ಸಾಲುಳ್ಳ ‘ತಟ್ಟೆ’ ಈ ವೇಷಧಾರಿ ತುಣುಕುಗಳನ್ನು ಬಹಳ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಪರಿಸರ ಬಡಿಸಿದ್ದನ್ನು ವಂಶ ಎತ್ತಿ ತೋರಿಸುತ್ತದೆ.

ಸ್ವೀಡನ್ನಿನ ಲಾರ್ಸ್ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಲೆಕ್ಕದಲ್ಲಿ ತೋರಿಸಿದರು. ಆ ವಂಶಗುರುತೂ ಇಲ್ಲದ, ಹೊಗೆಯನ್ನೂ ಸೇದದ ವ್ಯಕ್ತಿಗೆ ಹೋಲಿಸಿದರೆ, ತಾಯಿ ತಂದೆ ಇಬ್ಬರಿಂದಲೂ ಆ ಗುರುತನ್ನು ಪಡೆದು ಹೊಗೆಯನ್ನೂ ಸೇದುವವನಲ್ಲಿ, ಸಿಟ್ರುಲಿನ್ ವಿರೋಧಿ ಪ್ರತಿಕಾಯದೊಡನೆ ಬರುವ ಸಂಧಿವಾತದ ಸಂಭವ ಇಪ್ಪತ್ತೊಂದು ಪಟ್ಟು. ಆ ಪ್ರತಿಕಾಯವಿಲ್ಲದೆ ಬರುವ ಸಂಧಿವಾತದಲ್ಲಿ ಇಂಥ ಸಂಬಂಧ ಕಾಣಲಿಲ್ಲ. ಅಂದರೆ, ವೈದ್ಯರು ಒಂದೇ ಹೆಸರಿನಿಂದ ಕರೆಯುತ್ತಿದ್ದುದು ಬಹುಶಃ ಎರಡು ರೋಗಗಳನ್ನು.

ಇದನ್ನು ಕೇಳಿದ ನಮ್ಮ ಗೃಹಿಣಿ ನಗಬಹುದು. ಆಕೆ ಹುಟ್ಟಿದಂದಿನಿಂದ ಸಿಗರೇಟನ್ನು ಮುಟ್ಟಿದವಳಲ್ಲ. ಇದು ಸರಿಯಾದ ಆಕ್ಷೇಪವೇ. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಹೆಂಗಸರನ್ನು ಕಾಡುವ ರೋಗಕ್ಕೆ, ಹೆಂಗಸರು ಹೊಗೆ ಸೇದುವುದೇ ವಿರಳವಾದ ನಮ್ಮ ದೇಶದಲ್ಲಿ, ಹೊಗೆಯೊಂದೇ ಕಾರಣವಾಗಲಾರದು. ಧೂಳೂ ಇದೆ. 1953ರಲ್ಲಿ ವೇಲ್ಸಿನ ಕಲ್ಲಿದ್ದಲ ಗಣಿಗಾರರ ಎದೆಯ ಕ್ಷ–ಕಿರಣ ಚಿತ್ರಗಳನ್ನು ನೋಡುತ್ತಿದ್ದ ಕ್ಯಾಪ್ಲನ್ ಎಂಬ ವೈದ್ಯ, ಸಂಧಿವಾತವಿದ್ದ ಗಣಿಗಾರರ ಶ್ವಾಸಕೋಶಗಳಲ್ಲಿ ವಿಲಕ್ಷಣವಾದ ದುಂಡನೆಯ ಗಂಟುಗಳಿರುವುದನ್ನು ಗುರುತಿಸಿದ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಈ ರೋಗದ ಸಂಭವವನ್ನು ಹೆಚ್ಚಿಸುವುದೆಂದು ಸ್ವೀಡನ್ನಿನ ಅಧ್ಯಯನಗಳೂ ತೋರಿಸಿವೆ. ಇನ್ನೂ ಹತ್ತಿರದ ನಿದರ್ಶನ ಮಲೇಷ್ಯದ್ದು. ಅಲ್ಲಿನ ಹೆಂಗಸರಲ್ಲಿಯೂ ಧೂಮಪಾನ ಅಪರೂಪ. ಆದರೆ ಜವಳಿ ಕಾರ್ಖಾನೆಗಳಲ್ಲಿ ನೂಲಿನ ಧೂಳನ್ನು ಉಸಿರಾಡಿದ ಸ್ತ್ರೀಯರಲ್ಲಿ ಈ ಸಂಧಿವಾತ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದುದನ್ನು 2016ರಲ್ಲಿ ವರದಿ ಮಾಡಲಾಯಿತು. ವಸಡಿನ ಸೋಂಕಿನ ಮೇಲೂ ಸಂಶಯವಿದೆ. ವಸಡನ್ನು ಕೊಳೆಸುವ ಒಂದು ಬ್ಯಾಕ್ಟೀರಿಯ ತಾನೇ ಸಿಟ್ರುಲಿನ್ ಮಾಡುವ ಕಿಣ್ವವನ್ನು ಹೊಂದಿದೆ. ಅಜ್ಜಿ ದೂರುವ ತಣ್ಣೀರಿಗೆ ಮಾತ್ರ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ತಣ್ಣೀರಿನಿಂದ ಊದಿದ ಕೀಲು ನೊಂದೀತು. ಕೀಲು ಊದುವುದಕ್ಕೆ ತಣ್ಣೀರು ಕಾರಣವಲ್ಲ.

ಹೆಂಗಸರಿಗೇ ಏಕೆ ಹೆಚ್ಚು ಎಂಬ ಪ್ರಶ್ನೆ ಇನ್ನೂ ಪೂರ್ತಿಯಾಗಿ ಬಿಡಿಸಿಲ್ಲ. ಗರ್ಭಿಣಿಯರಲ್ಲಿ ಈ ನೋವು ಅನೇಕ ವೇಳೆ ತಾನಾಗಿಯೇ ಇಳಿಯುವುದನ್ನು ಅಮೆರಿಕದ ಫಿಲಿಪ್ ಹೆಂಚ್ 1938ರಲ್ಲಿ ವಿವರಿಸಿದ. ಶರೀರದಲ್ಲಿಯೇ ಯಾವುದೋ ಶಾಮಕ ರಸ ಹುಟ್ಟುತ್ತಿರಬೇಕೆಂದು ಅದರ ಜಾಡು ಹಿಡಿದು ಹೊರಟಾತ ಕಾರ್ಟಿಸೋನನ್ನು ತಲುಪಿ, 1950ರಲ್ಲಿ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡ. ಹೆರಿಗೆಯ ನಂತರ ನೋವು ಬಹುಮಟ್ಟಿಗೆ ಹಿಂದಿರುಗುತ್ತದೆ. ಹೊಸದಾಗಿ ಶುರುವಾಗುವುದೂ ಉಂಟು. ಹಸುಗೂಸನ್ನು ಎತ್ತಿಕೊಳ್ಳಲು ಮಣಿಕಟ್ಟು ಬಾರದ ಬಾಣಂತಿಗೆ ‘ಬಾಣಂತನ ಸರಿಯಾಗಲಿಲ್ಲ’ ಎಂಬ ಮಾತೇ ಉತ್ತರವಾಗಿ, ಚಿಕಿತ್ಸೆಗೆ ತಕ್ಕ ತಿಂಗಳುಗಳು ಸುಮ್ಮನೆ ಕಳೆದುಹೋಗುವ ಮನೆಗಳು ಇಲ್ಲದಿಲ್ಲ.

ಆ ತಿಂಗಳುಗಳಿಗೆ ಬೆಲೆಯಿದೆ. ಹಾಲೆಂಡಿನ ರಕ್ತಭಂಡಾರದಲ್ಲಿ ಶೈತ್ಯದಲ್ಲಿರಿಸಿದ್ದ ಹಳೆಯ ರಕ್ತ ಅದನ್ನು ತೋರಿಸಿಕೊಟ್ಟಿತು. ಹಿಂದೆ ರಕ್ತದಾನ ಮಾಡಿ, ಮುಂದೆ ರೂಮಟಾಯ್ಡ್ ಸಂಧಿವಾತಕ್ಕೆ ತುತ್ತಾದ ಎಪ್ಪತ್ತೊಂಬತ್ತು ಮಂದಿಯ ಹಳೆಯ ರಕ್ತವನ್ನು ತೆಗೆದು ಪರೀಕ್ಷಿಸಿದಾಗ, ಸುಮಾರು ಅರ್ಧ ಮಂದಿಯಲ್ಲಿ ಮೊದಲ ನೋವಿಗೆ ವರ್ಷಗಳ ಹಿಂದೆಯೇ ಪ್ರತಿಕಾಯಗಳಿದ್ದುವು. ಕೆಲವರಲ್ಲಿ ಹತ್ತು ವರ್ಷಕ್ಕೂ ಹಿಂದೆ! ಈ ವರದಿ ಬಂದದ್ದು 2004ರಲ್ಲಿ. ಬೆರಳು ಮರಗಟ್ಟಿದ ಬೆಳಗ್ಗೆ ರೋಗದ ಮೊದಲ ದಿನವಲ್ಲ. 2024ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಹಾಲೆಂಡಿನ ಒಂದು ಪ್ರಯೋಗದಲ್ಲಿ, ಪ್ರತಿಕಾಯವಿದ್ದು ಕೀಲು ನೋಯುತ್ತಿದ್ದರೂ ಇನ್ನೂ ಊದದಿದ್ದ ಇನ್ನೂರಕ್ಕೆ ಮಿಕ್ಕ ಜನರಲ್ಲಿ ಕೆಲವರಿಗೆ ಒಂದು ವರ್ಷ ಅಬಟಸೆಪ್ಟ್ ಎಂಬ ಔಷಧವನ್ನು ಕೊಡಲಾಯಿತು. ವರ್ಷದ ಕೊನೆಗೆ ರೋಗ ಹಿಡಿದದ್ದು ಔಷಧ ಪಡೆದವರಲ್ಲಿ ನೂರಕ್ಕೆ ಆರು ಮಂದಿಗೆ, ಪಡೆಯದವರಲ್ಲಿ ಇಪ್ಪತ್ತೊಂಬತ್ತು ಮಂದಿಗೆ. ಔಷಧ ನಿಲ್ಲಿಸಿದ ಮೇಲೆ ಈ ಅಂತರ ಕ್ರಮೇಣ ಕಿರಿದಾಯಿತು. ಮುಂದೂಡುವುದು ಸಾಧ್ಯ, ಪೂರ್ಣವಾಗಿ ತಡೆಯುವುದು ಇನ್ನೂ ಕೈಗೆಟುಕಿಲ್ಲ. ಈಗಾಗಲೇ ರೋಗವಿರುವವರಿಗೆ, ಮೆಥೊಟ್ರೆಕ್ಸೇಟ್ ಮೊದಲಾದ ಔಷಧಗಳನ್ನು ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ ಮೊದಲ ತಿಂಗಳುಗಳಲ್ಲಿಯೇ ಆರಂಭಿಸಿದರೆ ಬೆರಳುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅಜ್ಜಿಯ ಕಾಲದಲ್ಲಿ ಈ ಮಾತನ್ನು ಹೇಳುವಂತಿರಲಿಲ್ಲ.

ಇರಲಿ, ಹುಡುಗಿಯ ಪ್ರಶ್ನೆ ವೈದ್ಯರ ಮೇಜಿನ ಮೇಲೆ ಇನ್ನೂ ಹಾಗೆಯೇ ಇದೆ. ಆರೋಗ್ಯವಾಗಿರುವ ಆಕೆ ವಂಶವಾಹಿಗಳ ಪರೀಕ್ಷೆಗೆ ಹಣ ಸುರಿಯಬೇಕಾದ ಅಗತ್ಯವಿಲ್ಲ. ಆ ಗುರುತು ರೋಗವೇ ಬಾರದ ಎಷ್ಟೋ ಜನರಲ್ಲಿಯೂ ಇರುತ್ತದೆ. ಬೆರಳುಗಳು ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಮರಗಟ್ಟಿದರೆ, ಗೆಣ್ಣು ಊದಿದರೆ, ‘ಇದು ಅಮ್ಮನ ಹಣೆಬರಹ, ನನ್ನದೂ ಹೌದು’ ಎಂದು ಕೂರದೆ ಆ ತಿಂಗಳೇ ಬರಬೇಕು. ವೈದ್ಯರು ಇಷ್ಟನ್ನು ಹೇಳಿ, ಕಡತದಲ್ಲಿ ತುಂಬಬೇಕಾದ ಮತ್ತೊಂದು ಪ್ರಶ್ನೆಯತ್ತ ತಿರುಗುತ್ತಾರೆ: “ಮನೆಯಲ್ಲಿ ಸಿಗರೇಟು ಸೇದುವವರು ಯಾರಾದರೂ ಇದ್ದಾರೆಯೇ?”

ಪಕ್ಕದವರ ಹೊಗೆಯ ವಿಷಯದಲ್ಲಿ ಪ್ರಮಾಣಗಳು ಒಂದೇ ದಿಕ್ಕಿನಲ್ಲಿಲ್ಲ. ಸ್ವೀಡನ್ನಿನವರಿಗೆ ಅದರಿಂದ ಅಪಾಯ ಕಾಣಲಿಲ್ಲ. ಅಮೆರಿಕದ ದಾದಿಯರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಹೊಗೆ ಸೇದುವ ತಂದೆತಾಯಿಗಳ ಮನೆಯಲ್ಲಿ ಬೆಳೆದವರಿಗೆ ಪ್ರತಿಕಾಯವುಳ್ಳ ಸಂಧಿವಾತ ಹೆಚ್ಚಾಗಿ ಬಂದುದು ಕಂಡಿತು. ಸೇದುವವರ ಸ್ವಂತ ಲೆಕ್ಕದಲ್ಲಿ ಇಂಥ ಸಂದೇಹವಿಲ್ಲ: ಬಿಟ್ಟ ಮೇಲೆ ಅಪಾಯ ಇಳಿಯುತ್ತ ಹೋಗುತ್ತದೆ, ಆದರೆ ಪೂರ್ತಿ ಇಳಿಯಲು ಇಪ್ಪತ್ತು ವರ್ಷವಾದರೂ ಬೇಕು.

ವೈದ್ಯರ ಪ್ರಶ್ನೆಗೆ ತಾಯಿಯೂ ಮಗಳೂ ಉತ್ತರ ಹೇಳಲಿಲ್ಲ. ಇಬ್ಬರೂ ಬಾಗಿಲ ಬಳಿ ಕೊಡೆಯನ್ನು ಹಿಡಿದು ಕುಳಿತಿದ್ದ ಯಜಮಾನರ ಕಡೆಗೆ ತಿರುಗಿ ನೋಡಿದರು.